ಚೆನ್ನೆಮಣೆಯ ಆಚೆ ಬದಿ

ಮರದ ಗುಳಿಗೆ ಮಂಜೊಟ್ಟಿ ಕಾಳು ಬೀಳುವ ಸದ್ದನ್ನು ಚಿಕ್ಕಂದಿನಲ್ಲಿ ಕೇಳಿದವರು ಅದನ್ನು ಮರೆಯುವುದಿಲ್ಲ. ಮೊನ್ನೆ ಮೂಡುಬಿದಿರೆಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಆಟಿಕೆ ಅಂಗಡಿಯಲ್ಲಿ ನಿಂತಿದ್ದೆ. ಮೊಮ್ಮಕ್ಕಳು ರಜೆಗೆ ಬರುವವರಿದ್ದರು. ಮನೆಮಂದಿಯೆಲ್ಲ ಸುತ್ತ ಕೂತು ಆಡುವಂಥ ಆಟ ಯಾವುದಾದರೂ ಒಂದು ಇರಲಿ ಅಂತ ಹೋಗಿದ್ದೆ. ಅಂಗಡಿಯ ಹುಡುಗಿ ಬಣ್ಣದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತಾ, "ಎಷ್ಟು ಜನ ಆಡ್ಲಿಕ್ಕೆ ಅಜ್ಜೀ?" ಎಂದು ಕೇಳಿದಳು. ನಾನು ಬೆರಳು ಮಡಚಿ ಲೆಕ್ಕ ಹಾಕುತ್ತಿರುವಾಗಲೇ ಅತ್ತ ಮೂಲೆಯಲ್ಲಿ ಯಾರೋ ಗಿರಾಕಿ, ಗೋಡೆಗೆ ಅಲಂಕಾರಕ್ಕೆಂದು ಮಾರುವ ಹೊಸ ಚೆನ್ನೆಮಣೆಯೊಂದನ್ನು ಕೈಗೆತ್ತಿಕೊಂಡು ಅದರ ಜೊತೆಗೆ ಕೊಟ್ಟ ಕೆಂಪು ಕಾಳುಗಳನ್ನು ಗುಳಿಗಳಿಗೆ ಸುರಿದರು. ಟೊಳ್, ಟೊಳ್, ಟೊಳ್. ನನ್ನ ಲೆಕ್ಕ ತಪ್ಪಿತು. ಅರುವತ್ತು ವರ್ಷಕ್ಕೂ ಹಿಂದಿನ ಹೊಟ್ಟೆಕಿಚ್ಚೊಂದು, ನಿನ್ನೆ ಮೊನ್ನೆ ಹತ್ತಿಕೊಂಡದ್ದೋ ಎಂಬಂತೆ, ಎದೆಯ ಅಡಿಯಿಂದ ಎದ್ದು ಬಂತು.

ನಮ್ಮ ಮನೆ ಇದ್ದದ್ದು ಇದೇ ಊರಿನಲ್ಲಿ, ಬಸದಿಗಳ ಬೀದಿಯಿಂದ ಒಂದು ಓಣಿ ಒಳಗೆ. ನಮ್ಮ ಬಾಯಲ್ಲಿ ಊರಿನ ಹೆಸರು ಬೆದ್ರ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಪ್ಪ ಬಸ್ಸಿನ ಏಜೆಂಟರು. ಟಿಕೇಟು ಬರೆಯುವುದು, ಸಾಮಾನು ಏರಿಸುವುದು, ಹೊರಡುವ ಬಸ್ಸಿಗೆ ಸೀಟಿ ಊದುವುದು ಅವರ ಕೆಲಸ. ಅಮ್ಮ ಅಡುಗೆಮನೆಯ ಹೊಗೆಯಲ್ಲಿ. ಉಳಿದಂತೆ ಮನೆಯೆಂದರೆ ಅಜ್ಜಿ, ಅಪ್ಪನ ತಾಯಿ. ಎಲೆಯಡಿಕೆ, ನೋವಿನ ಎಣ್ಣೆ, ಬಿಸಿಲು ಕಾಣದ ಸೀರೆ, ಈ ಮೂರರ ವಾಸನೆ ಸೇರಿದರೆ ಇವತ್ತಿಗೂ ಅಜ್ಜಿ ಪಕ್ಕದ ಕೋಣೆಯಲ್ಲಿದ್ದಾರೆ ಅನ್ನಿಸುತ್ತದೆ. ಮಳೆ ಜೋರಾಗಿ ಹೊಯ್ಯುವ ಆಟಿ ತಿಂಗಳು ಹುಟ್ಟಿದ ದಿನ ಅಪ್ಪ ಅಟ್ಟ ಹತ್ತಿ ಚೆನ್ನೆಮಣೆಯನ್ನು ಇಳಿಸಿ ಕೊಡುತ್ತಿದ್ದರು. ಒಂದೇ ಮರದ ತುಂಡು. ಈಚೆ ಏಳು ಗುಳಿ, ಆಚೆ ಏಳು ಗುಳಿ, ಗುಳಿಗೆ ನಾಲ್ಕು ಕಾಳು. ಅಜ್ಜಿ ಅದಕ್ಕೆ ತೆಂಗಿನೆಣ್ಣೆ ಸವರಿ, ಬಟ್ಟೆಯಲ್ಲಿ ತಿಕ್ಕಿ, ಜಗಲಿಯ ಚಾಪೆಯ ಮೇಲೆ ಇಡುವರು. ಹೊರಗೆ ಕೆಲಸವಿಲ್ಲದ ಆ ತಿಂಗಳಲ್ಲಿ ಮಾತ್ರ ಚೆನ್ನೆ. ಮರುತಿಂಗಳು ಸೋಣ ಬಂದರೆ ಮಣೆ ಮತ್ತೆ ಅಟ್ಟಕ್ಕೆ. ವರ್ಷಕ್ಕೊಂದೇ ತಿಂಗಳ ಆ ಆಟದಲ್ಲಿ ಅಜ್ಜಿಯ ಎದುರಿನ ಜಾಗ ನನ್ನದು. ಶಾಲೆಯಿಂದ ಬಂದು, ಕಾಲು ತೊಳೆದು, ಉಪ್ಪು ಹಾಕಿ ಬೇಯಿಸಿ ಒಣಗಿಸಿದ ಹಲಸಿನ ಬೀಜವನ್ನು ದವಡೆಗೆ ಒತ್ತಿಕೊಂಡು ಅಲ್ಲಿ ಕೂತರೆ ದೀಪ ಹಚ್ಚುವವರೆಗೆ ನನ್ನನ್ನು ಎಬ್ಬಿಸುವವರಿಲ್ಲ. ಒಬ್ಬಳೇ ಮಗಳು, ಒಬ್ಬಳೇ ಮೊಮ್ಮಗಳು. ಆ ಸುಖ ಎಷ್ಟು ದೊಡ್ಡದೆಂದು ಅದು ಹೋಗುವವರೆಗೆ ನನಗೆ ಗೊತ್ತಿರಲಿಲ್ಲ.

ಒಬ್ಬಳೇ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ ಅಪ್ಪನ ತಂಗಿ ಲಲಿತತ್ತೆ ಇದ್ದರು, ಅವರಿಗೆ ನನಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಮಗಳು ವಾರಿಜ. ಆಟಿಯಲ್ಲಿ ಅತ್ತೆ ತವರಿಗೆ ಬಂದಾಗ ವಾರಿಜಳೂ ಬರುತ್ತಿದ್ದಳು. ಅವಳು ನನಗೆ ಅತ್ತೆಯ ಮಗಳು, ಅಂದರೆ ತಮಾಷೆ ಮಾಡಬಹುದಾದ ನೆಂಟಸ್ತಿಕೆ. ಹಾಗಾಗಿ ನಾವು ಚೆನ್ನೆಮಣೆಯ ಈಚೆ ಆಚೆ ಕೂತು ಮನಸಾರೆ ಜಗಳವಾಡಬಹುದಿತ್ತು. ಯಾಕೆ ಹೇಳುತ್ತೇನೆಂದರೆ, ನಮ್ಮ ಕಡೆ ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡುವ ಕ್ರಮ ಇಲ್ಲ. ಆಡಿದರೆ ಸಂಬಂಧ ಮುರಿಯುತ್ತದೆ, ಮನೆಗೆ ಆಗಿಬರುವುದಿಲ್ಲ ಎಂದು ಹಿರಿಯರಿಗೆ ಹೆದರಿಕೆ. ಓಣಿಯ ಆಚೆ ಮನೆಯಲ್ಲಿ ಮೂವರು ಅಕ್ಕತಂಗಿಯರಿದ್ದರು. ಆಟಿಯಲ್ಲಿ ಎದುರು ಕೂರಲು ಜನ ಹುಡುಕಿಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ನನಗೆ ಆ ತೊಂದರೆ ಇರಲಿಲ್ಲ. ವಾರಿಜ ನಾಲ್ಕು ದಿನ ಇರುತ್ತಿದ್ದಳು, ನಾವು ಆಡುತ್ತಿದ್ದೆವು, ಅವಳು ಬಸ್ಸು ಹತ್ತಿದ ಮೇಲೆ ಅಜ್ಜಿ ಪುನಃ ನನ್ನವರಾಗುತ್ತಿದ್ದರು. ಅವಳ ಮೇಲೆ ನನಗೆ ನಿಜವಾಗಿ ಪ್ರೀತಿ ಇತ್ತು. ಹಿಂದೆ ಹೋಗುವವರ ಮೇಲೆ ಪ್ರೀತಿ ಸುಲಭ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಬೇಸಗೆಯಲ್ಲಿ ಲಲಿತತ್ತೆ ಜ್ವರ ಬಂದು ಹೋಗಿಬಿಟ್ಟರು. ಹದಿನೈದು ದಿನ ಕಳೆದು, ಒಬ್ಬರೇ ಉಳಿದ ಮಾವನಿಗೆ ಮಗಳನ್ನು ನೋಡಿಕೊಳ್ಳಲು ಕಷ್ಟವೆಂದು, ವೇಣೂರು ಮಾರ್ಗದ ಬಸ್ಸಿನಲ್ಲಿ ಅಪ್ಪ ವಾರಿಜಳನ್ನು ಕರೆದುಕೊಂಡು ಬಂದರು. ಅವಳ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ಅಜ್ಜಿ ಜಗಲಿಯಲ್ಲಿ ನಿಂತಿದ್ದರು, ಅಳಲಿಲ್ಲ. ಪೆಟ್ಟಿಗೆಯನ್ನು ತಾನೇ ಇಸಕೊಂಡು ಒಳಗಿಟ್ಟು ಬಂದು ನಮ್ಮಿಬ್ಬರ ತಲೆಯ ಮೇಲೆ ಒಂದೊಂದು ಕೈ ಇಟ್ಟರು. "ಇನ್ನು ಇವಳು ನೆಂಟಳಲ್ಲ ಕುಸುಮಾ. ಇವಳು ನಿನ್ನ ಅಕ್ಕ. ಈ ಆಟಿಯಿಂದ ನೀವಿಬ್ಬರು ಚೆನ್ನೆಗೆ ಎದುರು ಕೂರ್ಲಿಕ್ಕಿಲ್ಲ" ಎಂದರು. ಅಷ್ಟೇ. ಒಂದು ಮಾತಿನಲ್ಲಿ ನನಗೆ ಅಕ್ಕ ಹುಟ್ಟಿದಳು, ಚೆನ್ನೆಯ ಗೆಳತಿ ಹೋದಳು. ಆ ಹೊತ್ತಿಗೆ ನಾನು ತಲೆ ಅಲ್ಲಾಡಿಸಿದ್ದೆ. ಅದರ ಅರ್ಥ ಗೊತ್ತಾದದ್ದು ಆಟಿ ಬಂದ ಮೇಲೆ.

ಮಣೆ ಇಳಿಯಿತು, ಎಣ್ಣೆ ಸವರಿ ಆಯಿತು. ನಾನು ಕಾಲು ತೊಳೆದು ಬರುವಷ್ಟರಲ್ಲಿ ಅಜ್ಜಿಯ ಎದುರು ವಾರಿಜ ಕೂತಿದ್ದಳು. "ಇವಳದ್ದು ಒಂದು ಆಟ ಆಗ್ಲಿ, ಮತ್ತೆ ನೀನು" ಎಂದರು ಅಜ್ಜಿ. ಒಂದು ಆಟ ಎರಡಾಯಿತು. ವಾರಿಜ ಎಡಗೈಯವಳು, ಅವಳ ತಾಯಿಯ ಹಾಗೆಯೇ. ಎಡಗೈಯ ಮುಷ್ಟಿಯಲ್ಲಿ ಕಾಳು ಹಿಡಿದು ಹೆಬ್ಬೆರಳಿನಿಂದ ಒಂದೊಂದನ್ನೇ ಜಾರಿಸುತ್ತಾ ಹೋಗುತ್ತಿದ್ದಳು. ಅಜ್ಜಿ ಗುಳಿಗಳನ್ನು ನೋಡುತ್ತಿರಲಿಲ್ಲ, ಆ ಕೈಯನ್ನೇ ನೋಡುತ್ತಿದ್ದರು. ಎಡಗೈಯಲ್ಲಿ ಲೋಟ ಹಿಡಿದರೆ ನನಗೆ ಬೈಯುತ್ತಿದ್ದ ಅಜ್ಜಿ ಅವಳಿಗೆ ಒಂದು ಮಾತೂ ಹೇಳುತ್ತಿರಲಿಲ್ಲ! ಮೂರನೆಯ ದಿನ ನನ್ನ ಸರದಿ ಬಂದಾಗ ನಾನೂ ಎಡಗೈಯಲ್ಲಿ ಕಾಳು ಎತ್ತಿದೆ. ಕಾಳುಗಳು ಚಾಪೆಯ ತುಂಬ ಚೆಲ್ಲಿದವು. ಅಜ್ಜಿ ನನ್ನ ಬೆರಳಿಗೆ ಮೆಲ್ಲಗೆ ಒಂದು ಹೊಡೆದು, "ಸರಿಯಾದ ಕೈಯಲ್ಲಿ ಆಡು, ಮಂಗ" ಎಂದು ನಕ್ಕರು. ವಾರಿಜಳೂ ನಕ್ಕಳು. ಆ ನಗುವಿಗೆ ನನ್ನ ಮೈಯೆಲ್ಲ ಉರಿಯಿತು. ಅಜ್ಜಿ ಆ ಎಡಗೈಯಲ್ಲಿ ಯಾರನ್ನು ನೋಡುತ್ತಿದ್ದರು ಎಂದು ನನಗೆ ತಿಳಿದದ್ದು ನಾನು ಎರಡು ಮಕ್ಕಳ ತಾಯಿಯಾದ ಮೇಲೆ. ಒಂಬತ್ತು ವರ್ಷದ ಹುಡುಗಿಗೆ ಕಂಡದ್ದು ಇಷ್ಟೇ: ನನ್ನ ಜಾಗ ಹೋಯಿತು, ಮತ್ತು ಅದನ್ನು ತೆಗೆದುಕೊಂಡವಳು ಈ ಸಲ ಹಿಂದೆ ಹೋಗುವುದಿಲ್ಲ.

ನನ್ನ ಉಬ್ಬಿದ ಮುಖ ಅಪ್ಪನ ಕಣ್ಣಿಗೆ ಬಿದ್ದಿರಬೇಕು. ಮನೆಯವರೆಲ್ಲ, ಅದರಲ್ಲೂ ಹುಡುಗಿಯರಿಬ್ಬರು, ಒಟ್ಟಿಗೆ ಕೂತು ಆಡಬಹುದಾದ ಒಂದು ಆಟ ಬೇಕೆಂದು ಅವರು ತೀರ್ಮಾನಿಸಿದರು. ಬಸ್ಸಿನ ಏಜೆಂಟರಿಗೆ ಏನು ಬೇಕಾದರೂ ಮಂಗಳೂರಿನಿಂದ ತರಿಸುವ ದಾರಿ ಒಂದೇ, ಕಂಡಕ್ಟರ್. ಕಂಡಕ್ಟರಿಗೆ "ಮನೆಯವರೆಲ್ಲ ಕೂತು ಆಡುವಂಥದ್ದು" ಎಂದು ಹೇಳಿ ಕಳಿಸಿದರು. ಅವನು ಮೊದಲು ತಂದದ್ದು ಒಂದು ಕಟ್ಟು ಇಸ್ಪೀಟು. ಅಜ್ಜಿ ಅದನ್ನು ನೋಡಿದ ಕೂಡಲೇ, "ಇದು ಮನೆ ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೇನೆ" ಎಂದರು. ಇಸ್ಪೀಟು ಮರುದಿನದ ಬಸ್ಸಿನಲ್ಲಿ ವಾಪಸು. ಎರಡನೆಯ ಸಲ ಬಂದದ್ದು ಚದುರಂಗ. ಆನೆ ಕುದುರೆ ಎಲ್ಲ ಮರದಲ್ಲಿ ಕಡೆದದ್ದು, ನೋಡಲು ಚಂದ. ಅಜ್ಜಿ ಒಂದು ಕುದುರೆಯನ್ನು ಎತ್ತಿ ತಿರುಗಿಸಿ ನೋಡಿ, "ಎಷ್ಟು ಮಂದಿ ಕೂರಬಹುದು ಇದಕ್ಕೆ?" ಎಂದು ಕೇಳಿದರು. ಇಬ್ಬರು ಎಂದರು ಅಪ್ಪ. "ಮತ್ತೆ ಉಳಿದವರು ಎಂತ ಮಾಡುದು, ಬಾಯಿ ನೋಡುದಾ? ಇಬ್ಬರಿಗೆ ಬೇಕಾದ್ರೆ ಚೆನ್ನೆ ಉಂಟಲ್ಲ ಮಾರಾಯ" ಎಂದು ಕುದುರೆಯನ್ನು ಪೆಟ್ಟಿಗೆಗೆ ಹಾಕಿದರು. ಮೂರನೆಯ ಸಲ ಅಪ್ಪ ಯಾರನ್ನೂ ನಂಬದೆ ತಾವೇ ರಜೆ ಹಾಕಿ ಮಂಗಳೂರಿಗೆ ಹೋದರು. ಸಂಜೆ ಬಂದವರ ಕಂಕುಳಲ್ಲಿ, ಒದ್ದೆಯಾಗದಂತೆ ಗೋಣಿಯಲ್ಲಿ ಸುತ್ತಿದ ಹಾವು ಏಣಿಯ ಪಟ. ನಾಲ್ಕು ಮಂದಿ ಆಡಬಹುದು, ಐದನೆಯವರು ದಾಳ ಹಾಕಬಹುದು. ಅಜ್ಜಿಗೆ ಒಪ್ಪಿಗೆಯಾಯಿತು.

ಎಲ್ಲರೂ ಖುಷಿಪಟ್ಟರು, ನನ್ನನ್ನು ಬಿಟ್ಟು. ಹಿಂದಿನ ವರ್ಷ ಇದೇ ಹಾವು ಏಣಿಯನ್ನು ಗೆಳತಿಯ ಮನೆಯಲ್ಲಿ ನೋಡಿ ಬಂದು ನಾನು ಅಪ್ಪನ ಅಂಗಿ ಹಿಡಿದು ಎಳೆದಿದ್ದೆ. "ಚೆನ್ನೆ ಇಲ್ವಾ ಮನೆಯಲ್ಲಿ? ಸಾಕು" ಎಂದಿದ್ದರು. ನಾನೊಬ್ಬಳೇ ಇದ್ದಾಗ ಬೇಡವಾದದ್ದು ಅವಳು ಬಂದ ಮೇಲೆ ಬೇಕಾಯಿತು! ಸಾಲದ್ದಕ್ಕೆ ಆ ಪಟದಲ್ಲಿ ಏಣಿಗಳ ಬುಡದಲ್ಲಿ ದಯೆ, ದಾನ, ಸತ್ಯ ಎಂದೂ ಹಾವುಗಳ ತಲೆಯ ಬಳಿ ಸುಳ್ಳು, ಕೋಪ, ಕಳವು ಎಂದೂ ಅಚ್ಚು ಹಾಕಿದ್ದರು. ಮೇಲಿನ ಸಾಲಿನಲ್ಲಿ, ಇನ್ನೇನು ಗೆದ್ದೆ ಅನ್ನುವಲ್ಲಿ, ಒಂದು ದಪ್ಪ ಹಸಿರು ಹಾವು. ಅದರ ಹೆಸರು ಮತ್ಸರ. ಅದು ನುಂಗಿದರೆ ಸೀದಾ ಎರಡನೆಯ ಸಾಲಿಗೆ. ನನ್ನ ಗ್ರಹಚಾರವೋ ಏನೋ, ಒಂದೇ ವಾರದಲ್ಲಿ ಆ ಹಾವು ನನ್ನನ್ನು ನಾಲ್ಕು ಸಲ ನುಂಗಿತು. ನಾಲ್ಕನೆಯ ಸಲ ಅಮ್ಮ ಕೂಡ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಗದೆ ಇದ್ದವಳು ವಾರಿಜ ಒಬ್ಬಳೇ. ತನ್ನ ಸರದಿಯಲ್ಲಿ ಅವಳು ಬೇಕೆಂದೇ ಒಂದು ಮನೆ ಹೆಚ್ಚು ನಡೆಸಿ ತಾನೂ ಅದೇ ಹಾವಿನ ಬಾಯಿಗೆ ಬಿದ್ದು ನನ್ನ ಕಾಯಿಯ ಪಕ್ಕಕ್ಕೆ ಬಂದಳು. ಯಾರೂ ನೋಡಲಿಲ್ಲ, ನಾನು ನೋಡಿದೆ. ಅದಕ್ಕೂ ನನಗೆ ಸಿಟ್ಟೇ ಬಂತು. ಒಳ್ಳೆಯವಳಾಗುವುದರಲ್ಲಿಯೂ ಅವಳೇ ಮುಂದೆ.

ಆಟಿಯ ಅರ್ಧ ಕಳೆದಿತ್ತು. ಒಂದು ಭಾನುವಾರ ಮಧ್ಯಾಹ್ನ ಅಜ್ಜಿ ಮತ್ತು ಅಮ್ಮ ಒಂದೇ ಕೊಡೆಯ ಅಡಿಯಲ್ಲಿ ಹಿಂದಿನ ಓಣಿಯ ಬಾಣಂತಿಯನ್ನು ನೋಡಲು ಹೋದರು. ಅಪ್ಪ ಬಸ್ ಸ್ಟ್ಯಾಂಡಿನಲ್ಲಿ. ವಾರಿಜ ಜಗಲಿಯ ಕಂಬಕ್ಕೆ ಒರಗಿ ನನ್ನ ಹಳೇ ಲಂಗಕ್ಕೆ ಹೊಲಿಗೆ ಹಾಕುತ್ತಿದ್ದಳು. ನಾನು ಚೆನ್ನೆಮಣೆಯನ್ನು ಎತ್ತಿ ತಂದು ಅವಳ ಎದುರು ಇಟ್ಟೆ.

"ಬಾ, ಆಡುವ."

"ಅಜ್ಜಿ ಬೇಡ ಹೇಳಿದ್ದಾರಲ್ಲ" ಎಂದಳು ಅವಳು, ಸೂಜಿ ನಿಲ್ಲಿಸಿ.

"ಅದು ಅಕ್ಕತಂಗಿಗೆ. ನೀನು ನನಗೆ ಅಕ್ಕ ಅಲ್ಲ."

ಈ ಮಾತನ್ನು ನಾನು ಮೂರು ದಿನದಿಂದ ನಾಲಗೆಯ ತುದಿಯಲ್ಲಿ ಇಟ್ಟುಕೊಂಡು ತಿರುಗಿದ್ದೆ. ಅವಳು ಜಗಳಕ್ಕೆ ಬರುತ್ತಾಳೆ, ಅಥವಾ ಅಳುತ್ತಾಳೆ, ಎರಡರಲ್ಲಿ ಯಾವುದಾದರೂ ಆದೀತು ಎಂದುಕೊಂಡಿದ್ದೆ. ಅವಳು ಎರಡನ್ನೂ ಮಾಡಲಿಲ್ಲ. ಲಂಗವನ್ನು ಮಡಚಿ ಪಕ್ಕಕ್ಕಿಟ್ಟು, ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು, "ಹೌದು, ಅಲ್ಲ. ಆಡುವ" ಎಂದು ಎದುರು ಕೂತಳು. ಕಾಳು ತುಂಬಿದೆವು. ಚೆನ್ನೆಯಲ್ಲಿ ಬಿತ್ತುತ್ತಾ ಹೋಗಿ ಕೈಯ ಕಾಳು ಮುಗಿದಾಗ ಮುಂದೆ ಖಾಲಿ ಗುಳಿ ಇದ್ದರೆ ಅದರ ಮುಂದಿನ ಗುಳಿಯಲ್ಲಿದ್ದದ್ದೆಲ್ಲ ನಮ್ಮದು. ವಾರಿಜಳಿಗೆ ಆ ಖಾಲಿ ಗುಳಿಗಳನ್ನು ಮೂರು ಸುತ್ತು ಮೊದಲೇ ಲೆಕ್ಕ ಹಾಕುವ ತಲೆ ಇತ್ತು. ಆ ದಿನ ಅವಳು ಲೆಕ್ಕ ಹಾಕಲಿಲ್ಲ. ದೊಡ್ಡ ರಾಶಿಗಳನ್ನು ನನ್ನ ದಾರಿಯಲ್ಲಿ ಬಿಟ್ಟು ಬಿಟ್ಟು ಹೋದಳು. ಇನ್ನೊಂದು ವಿಷಯ ನನಗೆ ಅರ್ಧ ಆಟವಾದ ಮೇಲೆ ಗಮನಕ್ಕೆ ಬಂತು. ಅವಳು ಬಲಗೈಯಲ್ಲಿ ಆಡುತ್ತಿದ್ದಳು. ಅಭ್ಯಾಸವಿಲ್ಲದ ಬೆರಳುಗಳಿಂದ ಕಾಳು ಉದುರಿದರೆ ಹೆಕ್ಕಿ ಹೆಕ್ಕಿ ಹಾಕುತ್ತಿದ್ದಳು. ನಾನು ಗೆದ್ದೆ. ಅವಳ ಕಡೆಯ ಗುಳಿಗಳೆಲ್ಲ ಬೋಳಾದವು. ಅಷ್ಟು ದೊಡ್ಡ ಗೆಲುವು ನನಗೆ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

ತಲೆ ಎತ್ತಿದರೆ ಮೆಟ್ಟಿಲ ಮೇಲೆ ಅಜ್ಜಿ. ಅಮ್ಮ ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಮಡಚಿದ ಕೊಡೆಯ ತುದಿಯಿಂದ ನೀರು ಇಳಿದು ಕಾಲಿನ ಹತ್ತಿರ ಒಂದು ಸಣ್ಣ ಹೊಂಡವಾಗಿತ್ತು. ನಾನು ಬೈಗುಳಕ್ಕೆ ಕುತ್ತಿಗೆ ಒಳಗೆ ಎಳೆದುಕೊಂಡೆ. ಅಜ್ಜಿ ಕೇಳಿದ್ದು ಇಷ್ಟೇ: "ಯಾರು ಗೆದ್ದದ್ದು?"

"ಕುಸುಮ" ಎಂದಳು ವಾರಿಜ. ಮತ್ತೆ, ಯಾರೂ ಕೇಳದೆ, "ಆಡುವ ಹೇಳಿದ್ದು ನಾನೇ ಅಜ್ಜಿ" ಎಂದಳು.

ಅಜ್ಜಿ ನನ್ನ ಮುಖ ನೋಡಿದರು. ಅವಳಲ್ಲ, ಹೇಳಿದ್ದು ನಾನು ಎನ್ನಬಹುದಿತ್ತು. ಅನ್ನಲಿಲ್ಲ. ಅಜ್ಜಿ ಕೆಳಗೆ ಕೂತು ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಬಟ್ಟೆಯ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಸಂಜೆ ಅಪ್ಪ ಬಂದ ಕೂಡಲೇ, "ಇದನ್ನು ಅಟ್ಟದಲ್ಲಿ ಇಡು ಮಗಾ" ಎಂದು ಮಣೆಯನ್ನು ಕೊಟ್ಟರು. ಸೋಣಕ್ಕೆ ಇನ್ನೂ ಎರಡು ವಾರ ಇತ್ತು. ಅಜ್ಜಿ ನನಗೆ ಎರಡು ಪೆಟ್ಟು ಕೊಟ್ಟಿದ್ದರೆ ಎಷ್ಟೋ ಒಳ್ಳೆಯದಿತ್ತು. ಪೆಟ್ಟು ತಿಂದವಳು ಅತ್ತು ಮುಗಿಸಬಹುದು.

ಚೌತಿ ಕಳೆದ ಮೇಲೆ ವಾರಿಜ ಅಪ್ಪನ ಹತ್ತಿರ ಹೋಗಿ, "ಮಾವ, ನಾನು ಲಾಯಿಲಕ್ಕೆ ಹೋಗ್ತೇನೆ. ಅಲ್ಲಿ ಅಪ್ಪನಿಗೆ ಗಂಜಿ ಬೇಯಿಸ್ಲಿಕ್ಕೆ ಜನ ಇಲ್ಲ" ಎಂದಳು. ಹನ್ನೊಂದು ವರ್ಷದ ಹುಡುಗಿ. ಅಪ್ಪ, ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಅಜ್ಜಿ ಮಾತ್ರ ತಡೆಯಲಿಲ್ಲ. ತಗಡಿನ ಪೆಟ್ಟಿಗೆಗೆ ಒಂದು ಹೊಸ ಲಂಗದ ಬಟ್ಟೆ, ಒಂದು ಡಬ್ಬಿ ಹಪ್ಪಳ ಇಟ್ಟರು. ಅಪ್ಪ ಅವಳಿಗೆ ಬಸ್ಸಿನ ಮುಂದಿನ ಸೀಟು ಹಿಡಿದು ಕೂರಿಸಿ, ಎಂದಿನ ಹಾಗೆ ಸೀಟಿ ಊದಲು ಹೋಗಿ ಆಗದೆ, ಕೈಯಲ್ಲೇ ಬಸ್ಸಿನ ತಗಡಿಗೆ ತಟ್ಟಿ ಹೊರಡಿಸಿದರು. ನಾನು ಬಯಸಿದ್ದೆಲ್ಲ ಆಯಿತು. ಅಜ್ಜಿ ಪುನಃ ನನ್ನೊಬ್ಬಳ ಅಜ್ಜಿಯಾದರು. ಮುಂದಿನ ಆಟಿ ಹುಟ್ಟಿದ ದಿನ ಶಾಲೆಯಿಂದ ಓಡಿ ಬಂದು, ಕಾಲು ತೊಳೆದು, ಜಗಲಿಯ ಚಾಪೆಯ ಮೇಲೆ ನನ್ನ ಜಾಗದಲ್ಲಿ ಕೂತೆ. ಮಣೆ ಇರಲಿಲ್ಲ. "ನನ್ನ ಬೆರಳಿಗೆ ನೋವು ಮಗಾ, ಕಾಳು ಹಿಡಿಲಿಕ್ಕೆ ಆಗುದಿಲ್ಲ. ನಿನ್ನ ಅಪ್ಪ ತಂದದ್ದು ಉಂಟಲ್ಲ, ಅದನ್ನು ಆಡುವ" ಎಂದರು ಅಜ್ಜಿ. ಅದೇ ಬೆರಳಿನಿಂದ ಅಕ್ಕಿಯಲ್ಲಿನ ಕಲ್ಲು ಹೆಕ್ಕುತ್ತಿದ್ದರು. ನಾವು ಹಾವು ಏಣಿ ಆಡಿದೆವು. ಆಮೇಲಿನ ಎಲ್ಲ ಆಟಿಗಳಲ್ಲಿಯೂ ಅದನ್ನೇ ಆಡಿದೆವು, ಪಟದ ಮಡಿಕೆಗಳು ಹರಿದು ಮತ್ಸರದ ಹಾವು ಎರಡು ತುಂಡಾಗುವವರೆಗೆ. ಅಜ್ಜಿಯ ಪ್ರೀತಿಗೇನೂ ಕಡಿಮೆಯಿರಲಿಲ್ಲ. ಆದರೆ ಚೆನ್ನೆಮಣೆಯ ಆಚೆ ಬದಿಯಿಂದ ಅವರು ಒಮ್ಮೆ ಎದ್ದವರು ನನಗಾಗಿ ಮತ್ತೆ ಕೂರಲಿಲ್ಲ.

ಅರುವತ್ತರ ದಶಕದ ನಡುವೆ ಅಜ್ಜಿ ತೀರಿಕೊಂಡರು. ವಾರಿಜ ಬಂದಳು, ಎತ್ತರವಾಗಿ, ಜಡೆಯನ್ನು ತುರುಬು ಕಟ್ಟಿ. ಅವಳು ಅತ್ತದ್ದನ್ನು ನೋಡಿ ಓಣಿಯ ಹೆಂಗಸರೆಲ್ಲ ಅವಳ ಸುತ್ತ ಕೂತರು. ಅಜ್ಜಿಯ ಜೊತೆ ಅಷ್ಟೂ ವರ್ಷ ಇದ್ದವಳು ನಾನು. ನನ್ನ ಬೆನ್ನು ಸವರಲು ಬಂದವರು ಒಬ್ಬರೋ ಇಬ್ಬರೋ. ಹೆಣದ ಮುಂದೆ ಕೂತೂ ನಾನು ಅದನ್ನು ಲೆಕ್ಕ ಹಾಕಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಹಾಕಿದೆ. ಬೊಜ್ಜದ ಉತ್ತರಕ್ರಿಯೆ ಮುಗಿದ ಮರುದಿನ ಅಟ್ಟ ಗುಡಿಸುವಾಗ ಕಾಳಿನ ಚೀಲದ ಜೊತೆ ಮಣೆ ಸಿಕ್ಕಿತು. ಒಣಗಿ ಒಂದು ಮೂಲೆಯಲ್ಲಿ ಸೀಳಿತ್ತು. ನಾನು ಎಣ್ಣೆ ಸವರಿ ಜಗಲಿಗೆ ತಂದು ವಾರಿಜಳ ಎದುರು ಇಟ್ಟೆ. ತಪ್ಪಾಯಿತು ಎಂದು ಹೇಳಲು ನನಗೆ ಬೇರೆ ದಾರಿ ಗೊತ್ತಿರಲಿಲ್ಲ. "ಒಂದು ಆಟ ಆಡುವ ವಾರಿಜಾ. ಈ ಸಲ ಎಡಗೈಯಲ್ಲಿ" ಎಂದೆ. ಅವಳು ಚೀಲದ ಬಾಯಿ ಬಿಚ್ಚಿ ಕಾಳುಗಳನ್ನು ಎಡ ಅಂಗೈಯ ಮೇಲೆ ಹರಡಿ ತುಂಬ ಹೊತ್ತು ನೋಡಿದಳು. ಮತ್ತೆ ಚೀಲಕ್ಕೇ ಸುರಿದಳು.

"ನಿನಗೆ ಮರುಳಾ ಮಾರಾಯ್ತಿ? ಅಕ್ಕತಂಗಿ ಚೆನ್ನೆ ಆಡ್ಲಿಕ್ಕುಂಟಾ?" ಎಂದಳು.

ಅವಳು ಹಾಗೆಂದಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಅಡುಗೆಗೆ ಉಪ್ಪು ಹಾಕಿದೆಯಾ ಎಂದು ಕೇಳುವ ಹಾಗೆ ಕೇಳಿದ್ದಳು. ನಾನು ಒಳಗೆ ಹೋಗಿ ಅಜ್ಜಿಯ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ನಾನು ಮದುವೆಯಾಗಿ ಬಂಟ್ವಾಳಕ್ಕೆ ಹೋದೆ, ಅವಳು ಬೆಳ್ತಂಗಡಿಯಲ್ಲೇ ಉಳಿದಳು. ಮದುವೆ, ಬಾಣಂತನ, ಆಸ್ಪತ್ರೆ, ಸಾವು, ಎಲ್ಲದಕ್ಕೂ ಇಬ್ಬರೂ ಬಸ್ಸು ಹತ್ತಿದೆವು. ನನ್ನ ಮಕ್ಕಳು ಅವಳನ್ನು ದೊಡ್ಡಮ್ಮ ಎಂದೇ ಕರೆದರು. ಯಾವ ಆಟಿಯಲ್ಲೂ ನಾವು ಎದುರುಬದುರು ಕೂರಲಿಲ್ಲ. ಬೆದ್ರದ ಮನೆ ಹೋಗಿ ಅಲ್ಲಿ ಈಗ ಕಾಲೇಜು ಹುಡುಗರ ಬಾಡಿಗೆ ಕೋಣೆಗಳಾಗಿವೆ. ಕಿಟಕಿಗಳಲ್ಲಿ ಒಣಗಲು ಹಾಕಿದ ಅಂಗಿಗಳು ಕಾಣುತ್ತವೆ. ಇದನ್ನು ಓದುತ್ತಿರುವ ನಿಮ್ಮ ಜಗಲಿ ಇದ್ದ ಜಾಗವೂ ಹೀಗೇ ಏನೋ ಆಗಿರಬಹುದು.

ವಾರಿಜ ಕಳೆದ ವರ್ಷ ತೀರಿಹೋದಳು. ಅವಳು ಹೋದ ಕಡೆ ಆಟಿ ಎನ್ನುವುದು ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ. ಉಂಟಾದರೆ ಅಜ್ಜಿಯ ಎದುರು ಅವಳೇ ಕೂತಿರುತ್ತಾಳೆ, ಎಡಗೈಯಲ್ಲಿ ಕಾಳು ಜಾರಿಸುತ್ತಾ, ಪಕ್ಕದಲ್ಲಿ ಲಲಿತತ್ತೆ. ಅದನ್ನು ನೆನೆಸಿದರೆ ಈ ವಯಸ್ಸಿನಲ್ಲಿಯೂ ನನಗೆ ಹೊಟ್ಟೆ ಉರಿಯುತ್ತದೆ. ಸುಳ್ಳು ಯಾಕೆ ಹೇಳಲಿ.

"ಅಜ್ಜೀ, ಎಷ್ಟು ಜನ ಆಡ್ಲಿಕ್ಕೆ?" ಎಂದು ಅಂಗಡಿಯ ಹುಡುಗಿ ಮತ್ತೊಮ್ಮೆ ಕೇಳಿದಳು. ಆರು ಮಂದಿ ಎಂದೆ. ಅವಳು ಕೊಟ್ಟ ಪೆಟ್ಟಿಗೆಯನ್ನು ಕಟ್ಟಿಸಿಕೊಂಡು ಹೊರಟವಳು ಮೂಲೆಯಲ್ಲಿದ್ದ ಚೆನ್ನೆಮಣೆಯ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಹೊಸ ಮರ, ಬಣ್ಣದ ವಾಸನೆ. "ಅದೂ ಬೇಕಾ ಅಜ್ಜೀ? ಅದು ಇಬ್ಬರಿಗೆ ಮಾತ್ರ" ಎಂದಳು ಹುಡುಗಿ. ಬೇಡ ಎಂದೆ. ಅಜ್ಜಿಯ ಸೀಳಿದ ಮಣೆ ನನ್ನ ಮನೆಯಲ್ಲೇ ಉಂಟು. ಎದುರು ಕೂರಬಾರದವಳು ಅಂತ ನನಗೆ ಈ ಲೋಕದಲ್ಲಿ ಒಬ್ಬಳಿದ್ದಳು. ಈಗ ನಾನು ಯಾರ ಜೊತೆ ಬೇಕಾದರೂ ಚೆನ್ನೆ ಆಡಬಹುದು.